ಪಟ್ಟಿ ಚೆನ್ನಾಗಿದೆ, ಆದರೆ ಯುದ್ಧ ಎಲ್ಲಿ ಹೋಯ್ತು?

ಪ್ರಶ್ನೆ: ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಮಕ್ಕಳಿಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದೆ. ಹತ್ತು ವರ್ಷ ಅಂತರ್ಯುದ್ಧ ನಡೆದು ಈಗಷ್ಟೇ ನಿಂತಿರುವ ಒಂದು ದೇಶಕ್ಕೆ ಬಡತನ ಕಡಿಮೆ ಮಾಡುವ ರಾಷ್ಟ್ರೀಯ ಯೋಜನೆ ಬರೆಯಬೇಕು, ಅಷ್ಟೇ. 40 ಮಂದಿ ಬರೆದರು, ನಲವತ್ತೂ ಒಂದೇ ತರ. ಶಾಲೆ, ಆಸ್ಪತ್ರೆ, ರಸ್ತೆ, ಸ್ವಸಹಾಯ ಸಂಘ, ಸಾಲ, ಟೈಲರಿಂಗ್ ತರಬೇತಿ. ತಪ್ಪು ಅಂತ ಗುರುತು ಹಾಕಲು ಜಾಗ ಸಿಗಲಿಲ್ಲ, ಆದರೂ ಎಲ್ಲೋ ಏನೋ ತಪ್ಪಿದೆ. ಇಂಥ ದೇಶಗಳಲ್ಲಿ ನಿಜವಾಗಿ ಇದನ್ನು ಹೇಗೆ ಮಾಡುತ್ತಾರೆ? ಎಲ್ಲಿಂದ ಶುರು ಮಾಡುತ್ತಾರೆ?

ಉತ್ತರ: ಮೇಡಂ, ನಿಮ್ಮ ಮಕ್ಕಳ ಪಟ್ಟಿಯನ್ನು ಹಾಗೇ ಎತ್ತಿ ಯಾದಗಿರಿಗೂ ಕೊಡಬಹುದು, ಅಂತರ್ಯುದ್ಧ ಕಂಡ ಪಶ್ಚಿಮ ಆಫ್ರಿಕಾದ ಲೈಬೀರಿಯಾಕ್ಕೂ ಕೊಡಬಹುದು. ತಪ್ಪಿರುವುದು ಅಲ್ಲೇ. ಅದರಲ್ಲಿ ಯುದ್ಧವೇ ಇಲ್ಲ. ಯಾರು ಯಾರ ಮನೆ ಸುಟ್ಟರು, ಯಾರ ಗದ್ದೆಯಲ್ಲಿ ಈಗ ಯಾರು ಕೂತಿದ್ದಾರೆ, ಯಾವ ಕಡೆಯವರಿಗೆ ಹಿಂದಿನಿಂದಲೂ ರಸ್ತೆ ಬಂದಿರಲಿಲ್ಲ, ಇದು ಯಾವುದೂ ಇಲ್ಲ. ಮಕ್ಕಳಿಗೆ ಬೈಯಬೇಡಿ. ದೊಡ್ಡ ಸಂಬಳದ ಸಲಹೆಗಾರರು ಬರೆದ ದಾಖಲೆಗಳೂ ಬಹಳಷ್ಟು ಹೀಗೇ ಇದ್ದವು, ದೇಶದ ಹೆಸರು ಬದಲಿಸಿದರೆ ಗೊತ್ತೇ ಆಗದ ಹಾಗೆ. ಶುರುವಿನಲ್ಲಿ ನಾನೂ ಅಂಥದ್ದೇ ಬರೆದವನು.

ಹಾಗೆ ಒಂದೇ ತರ ಆಗಲು ಒಂದು ಕಾರಣವೂ ಉಂಟು. 1999ರಲ್ಲಿ ವಿಶ್ವಬ್ಯಾಂಕ್ ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸೇರಿ ಒಂದು ನಿಯಮ ತಂದವು. ಬಡ ದೇಶಕ್ಕೆ ಹಳೆಯ ಸಾಲ ಮನ್ನಾ ಆಗಬೇಕಿದ್ದರೆ ಆ ದೇಶವೇ ತನ್ನ ಜನರನ್ನು ಕೇಳಿ ಬಡತನ ನಿವಾರಣೆಯ ಕಾರ್ಯತಂತ್ರ ಬರೆಯಬೇಕು. ಐಡಿಯಾ ಒಳ್ಳೆಯದೇ. ಆದರೆ ಸಾಲ ಕೊಟ್ಟವನು ಓದಿ ತಲೆ ಆಡಿಸಬೇಕು ಅಂತ ಇದ್ದಾಗ ಬರೆಯುವವನು ಏನು ಬರೆಯುತ್ತಾನೆ ಹೇಳಿ? ಅವನಿಗೆ ಖುಷಿ ಆಗುವುದನ್ನೇ ಬರೆಯುತ್ತಾನೆ. ಬ್ಯಾಂಕಿಗೆ ಸಾಲದ ಅರ್ಜಿ ಬರೆದು ಗೊತ್ತಿರುವ ನಮ್ಮೂರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಲೈಬೀರಿಯಾಕ್ಕೆ 2010ರ ಜೂನ್‌ನಲ್ಲಿ ಸುಮಾರು 460 ಕೋಟಿ ಡಾಲರ್ ಸಾಲ ಮನ್ನಾ ಆಯಿತು, ಅದಕ್ಕೆ ಇಂಥ ದಾಖಲೆ ಒಂದು ಮೆಟ್ಟಿಲು. ಹಾಗಾಗಿ ಅದು ಸುಮ್ನೆ ಕಾಗದ ಅಂತಲೂ ಹೇಳಲು ಬರುವುದಿಲ್ಲ.

ಈಗ ಎಲ್ಲಿಂದ ಶುರು ಅನ್ನುವುದಕ್ಕೆ ಬರುತ್ತೇನೆ. ಎಷ್ಟು ಬಡವರು ಅನ್ನುವ ಪ್ರಶ್ನೆಯಿಂದ ಅಲ್ಲ. ಯಾರು ಬಡವರು, ಎಲ್ಲಿಯವರು, ಯಾವ ಗುಂಪಿನವರು ಅನ್ನುವುದರಿಂದ. ಯುದ್ಧ ಕಂಡ ದೇಶದಲ್ಲಿ ಸರಾಸರಿಯಂಥ ಮೋಸಗಾರ ಬೇರೆ ಇಲ್ಲ. ಉಗಾಂಡಾ ನೋಡಿ. 1992ರಲ್ಲಿ ಅಲ್ಲಿ ನೂರಕ್ಕೆ 56 ಮಂದಿ ಬಡವರು, 2000ದ ಹೊತ್ತಿಗೆ ಅದು 35ರ ಆಸುಪಾಸಿಗೆ ಇಳಿಯಿತು. ಜಗತ್ತೆಲ್ಲ ಬೆನ್ನು ತಟ್ಟಿತು. ಇಂಥ ಕಾರ್ಯತಂತ್ರಕ್ಕೆ ಮಾದರಿ ಅಂತ ಹೇಳಿಸಿಕೊಂಡ ಮೊದಲ ದೇಶವೂ ಅದೇ. ಆದರೆ ಅದೇ ಹೊತ್ತಿನಲ್ಲಿ ದೇಶದ ಉತ್ತರ ಭಾಗದಲ್ಲಿ ಇನ್ನೂ ಬಂಡುಕೋರರ ಜೊತೆ ಹೊಡೆದಾಟ ನಡೆಯುತ್ತಿತ್ತು, ಜನ ಶಿಬಿರಗಳಲ್ಲಿ ಕೂತಿದ್ದರು, ಅಲ್ಲಿ ಬಡವರ ಪ್ರಮಾಣ 60ಕ್ಕಿಂತ ಮೇಲೆಯೇ ಇತ್ತು. ದಕ್ಷಿಣದಲ್ಲಿ ಕಾಫಿ ಮಾರಿದವನ ಸುಖ, ಉತ್ತರದಲ್ಲಿ ಶಿಬಿರದ ಮುಂದೆ ತಟ್ಟೆ ಹಿಡಿದವನ ಸಂಕಟ, ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಅಂಕಿಯಿಂದ ಯಾರಿಗೆ ಏನು ಪ್ರಯೋಜನ? ಉತ್ತರಕ್ಕೆ ಅಂತಲೇ ಪ್ರತ್ಯೇಕ ಪುನರ್ನಿರ್ಮಾಣ ಯೋಜನೆ ಬರಲು 2007 ಆಗಬೇಕಾಯಿತು.

ಅಂದರೆ ಮೊದಲ ಕೆಲಸ, ಅಂಕಿಯನ್ನು ಒಡೆಯುವುದು. ಜಿಲ್ಲೆವಾರು, ಭಾಷೆವಾರು, ಯುದ್ಧದಲ್ಲಿ ಯಾವ ಕಡೆ ಇದ್ದರು ಅನ್ನುವುದರ ಪ್ರಕಾರ. ಹೇಳುವುದು ಸುಲಭ. ಮೊದಲನೆಯದಾಗಿ ಅಂಕಿಯೇ ಇರುವುದಿಲ್ಲ. ಲೈಬೀರಿಯಾದಲ್ಲಿ 1984ರ ನಂತರ ಜನಗಣತಿ ಆದದ್ದು 2008ರಲ್ಲಿ. ನಡುವಿನ ಇಪ್ಪತ್ತನಾಲ್ಕು ವರ್ಷ ದೇಶದಲ್ಲಿ ಎಷ್ಟು ತಲೆ ಉಂಟು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎರಡನೆಯದು ಇನ್ನೂ ಕಷ್ಟ. ನೀನು ಯಾವ ಗುಂಪಿನವ ಅಂತ ಕೇಳುವುದೇ ಅಪಾಯ ಆಗಿರಬಹುದು. ರುವಾಂಡಾದಲ್ಲಿ 1994ರಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದದ್ದು ಗುರುತಿನ ಚೀಟಿಯಲ್ಲಿ ಬರೆದಿದ್ದ ಒಂದು ಪದ ನೋಡಿ. ಆಮೇಲೆ ಬಂದ ಸರ್ಕಾರ ಆ ಪದವನ್ನೇ ಚೀಟಿಯಿಂದ ತೆಗೆದು ಹಾಕಿತು, ಅಂಕಿಅಂಶಗಳಲ್ಲೂ ನೀನು ಹುಟುವಾ, ಟುಟ್ಸಿಯಾ ಅಂತ ಅಲ್ಲಿನ ಎರಡು ಮುಖ್ಯ ಜನಾಂಗಗಳ ಹೆಸರು ಹಿಡಿದು ಕೇಳುವಂತಿಲ್ಲ. ಪಕ್ಕದ ಬುರುಂಡಿ ಇದರ ಉಲ್ಟಾ ಮಾಡಿತು. 2005ರ ಸಂವಿಧಾನದಲ್ಲೇ ಸಂಸತ್ತಿನ ಕೆಳಮನೆಗೆ ಹುಟುಗಳಿಗೆ ನೂರಕ್ಕೆ 60, ಟುಟ್ಸಿಗಳಿಗೆ 40 ಅಂತ ಪಾಲು ಬರೆಯಿತು. ಯಾವುದು ಸರಿ ಅಂತ ನನ್ನನ್ನು ಕೇಳಿದರೆ, ರುವಾಂಡಾದ ಭಯ ನನಗೆ ಅರ್ಥ ಆಗುತ್ತದೆ, ಆದರೆ ಅಳೆಯದೆ ಬಿಟ್ಟ ಅನ್ಯಾಯ ಕಾಣಿಸುವುದಿಲ್ಲವೇ ಹೊರತು ಹೋಗುವುದಿಲ್ಲ ಅಂತಲೂ ಅನಿಸುತ್ತದೆ. ನಿಮ್ಮ ಕ್ಲಾಸಿನಲ್ಲಿ ಇದನ್ನೇ ಒಂದು ದಿನ ಜಗಳ ಆಡಿಸಿ, ಚೆನ್ನಾಗಿರುತ್ತದೆ.

ಪಟ್ಟಿ ಮಾಡುವುದರಲ್ಲಿ ರುವಾಂಡಾದವರ ಒಂದು ಉಪಾಯ ಮಾತ್ರ ನನಗೆ ತುಂಬ ಹಿಡಿಸಿದ್ದು. ಉಬುದೆಹೆ ಅಂತ ಹೆಸರು. ಮಳೆಗೆ ಮುಂಚೆ ಊರಿನವರೆಲ್ಲ ಸೇರಿ ಒಬ್ಬೊಬ್ಬರ ಹೊಲ ಅಗೆದು ಕೊಡುವ ಹಳೆಯ ಪದ್ಧತಿಯ ಹೆಸರು ಅದು, ಘಟ್ಟದ ಮೇಲೆ ಮುಯ್ಯಾಳು ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. 2001ರ ಹೊತ್ತಿಗೆ ಸರ್ಕಾರ ಆ ಹೆಸರನ್ನು ಎತ್ತಿಕೊಂಡಿತು. ಊರವರು ಒಟ್ಟಿಗೆ ಕೂತು ತಮ್ಮ ಊರಿನ ನಕ್ಷೆ ಬಿಡಿಸಬೇಕು, ಪ್ರತಿ ಮನೆ ಗುರುತು ಹಾಕಬೇಕು, ಯಾವ ಮನೆ ಯಾವ ಮಟ್ಟದ್ದು ಅಂತ ಎಲ್ಲರ ಎದುರು ತೀರ್ಮಾನ ಮಾಡಬೇಕು. ಆಗ ಆರು ಮಟ್ಟಗಳಿದ್ದವು, ಎಲ್ಲಕ್ಕೂ ಊರಿನ ಭಾಷೆಯದ್ದೇ ಹೆಸರು. ತೀರಾ ಕೆಳಗಿನವನು ಬೇಡಿ ಬದುಕುವವನು, ಮೇಲಿನವನು ಸಾಹುಕಾರ. ಕೊಂದವರ ಮನೆಯವರೂ ಸತ್ತವರ ಮನೆಯವರೂ ಒಂದೇ ನಕ್ಷೆಯ ಸುತ್ತ ಕೂತಿರುತ್ತಿದ್ದರು, ಅದನ್ನು ಸ್ವಲ್ಪ ಯೋಚನೆ ಮಾಡಿ.

ಆಮೇಲೆ ಏನಾಯಿತು ಅಂದರೆ, ನಮಗೆ ಚೆನ್ನಾಗಿ ಗೊತ್ತಿರುವುದೇ ಆಯಿತು. ಆ ಮಟ್ಟವನ್ನು ಆರೋಗ್ಯ ವಿಮೆಯ ಕಂತಿಗೆ, ಬೇರೆ ಸವಲತ್ತುಗಳಿಗೆ ಜೋಡಿಸಿದರು. ಅಲ್ಲಿಯವರೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ ಜನ ಕೆಳಗಿನ ಮಟ್ಟಕ್ಕೆ ಇಳಿಸಿ ಅಂತ ದುಂಬಾಲು ಬೀಳಲು ಶುರು ಮಾಡಿದರು. ಬಿಪಿಎಲ್ ಕಾರ್ಡಿನ ಕಥೆ ಅಲ್ವಾ ಇದು? ಕಾರು ಶೆಡ್ಡಿನಲ್ಲಿ, ಕಾರ್ಡು ಕಪಾಟಿನಲ್ಲಿ. ಬಡವರನ್ನು ತಿಳಿಯಲು ಮಾಡಿದ ಪಟ್ಟಿ ಬೇರೆ, ಬಡವರಿಗೆ ಕೊಡಲು ಮಾಡಿದ ಪಟ್ಟಿ ಬೇರೆ. ಎರಡನ್ನೂ ಒಂದೇ ಮಾಡಿದ ದಿನ ಮೊದಲನೆಯದು ಸತ್ತು ಹೋಗುತ್ತದೆ.

ಇನ್ನು ನಮ್ಮ ಮಂಗಳೂರಿಗೇ ಸಂಬಂಧ ಇರುವ ಒಂದು ವಿಷಯ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಕೇಳಿದವರಿಗೆ ಬೇಜಾರು ಬಂದಿರಬಹುದು. ಮೊಜಾಂಬಿಕ್ ಮತ್ತು ಗೇರುಬೀಜ.

ಗೇರುಮರ ನಮ್ಮ ಕರಾವಳಿಗೂ ಮೊಜಾಂಬಿಕ್‌ಗೂ ಬಂದದ್ದು ಒಂದೇ ಕೈಯಿಂದ, ಪೋರ್ಚುಗೀಸರ ಕೈಯಿಂದ, ಬ್ರೆಜಿಲ್‌ನಿಂದ. 1970ರ ದಶಕದ ಶುರುವಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ ಮೊಜಾಂಬಿಕ್. 1975ರಲ್ಲಿ ಸ್ವಾತಂತ್ರ್ಯ ಬಂತು, 1977ರಿಂದ 1992ರವರೆಗೆ ಅಂತರ್ಯುದ್ಧ. ತೋಟ ಹಾಳು ಬಿತ್ತು, ರಸ್ತೆಯಲ್ಲಿ ನೆಲಬಾಂಬು, ಸುಮಾರು 17 ಲಕ್ಷ ಜನ ಪಕ್ಕದ ದೇಶಗಳಿಗೆ ಓಡಿ ಹೋಗಿದ್ದರು. ಶಾಂತಿ ಒಪ್ಪಂದ ಆಗಿ ಜನ ವಾಪಸು ಬಂದಾಗ ಹಳ್ಳಿಯ ಮನೆಯವನ ಕೈಗೆ ನಾಲ್ಕು ಕಾಸು ಬರುವ ಬೆಳೆ ಅಂದರೆ ಇದೇ ಗೇರುಬೀಜ. ಪೇಟೆಯಲ್ಲಿ ಬೀಜ ಒಡೆಯುವ ಕಾರ್ಖಾನೆಗಳೂ ಮತ್ತೆ ಶುರುವಾದವು.

ಆಗ ವಿಶ್ವಬ್ಯಾಂಕ್ ಒಂದು ಷರತ್ತು ಹಾಕಿತು, 1995ರಲ್ಲಿ. ಕಚ್ಚಾ ಬೀಜ ಹೊರಗೆ ಹೋಗದಂತೆ ಹಾಕಿದ ತಡೆ ತೆಗೆಯಿರಿ, ರಫ್ತು ಸುಂಕ ಇಳಿಸಿ. ಅವರ ತರ್ಕ ಕಾಗದದ ಮೇಲೆ ತಪ್ಪೇನಲ್ಲ. ಕಾರ್ಖಾನೆಯವರು ರೈತನಿಗೆ ಕಡಿಮೆ ರೇಟು ಕೊಡುತ್ತಿದ್ದಾರೆ, ಭಾರತದ ವ್ಯಾಪಾರಿ ಜಾಸ್ತಿ ಕೊಡುತ್ತಾನೆ, ಹಾಗಾದರೆ ಬಡ ರೈತನಿಗೆ ಲಾಭ. ಬಾಗಿಲು ತೆರೆದರು. ಬೀಜ ಹಡಗು ಹತ್ತಿ ಭಾರತಕ್ಕೆ ಬಂತು. ಕೇರಳದಲ್ಲಿ, ನಮ್ಮಲ್ಲಿ, ಹೆಂಗಸರು ಕೂತು ಒಡೆದರು, ಸಿಪ್ಪೆ ತೆಗೆದರು, ತಿರುಳು ಬೇರೆ ಮಾಡಿದರು. ಮೊಜಾಂಬಿಕ್ಕಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಹತ್ತು ಸಾವಿರದ ಆಸುಪಾಸು ಇದ್ದ ಕೆಲಸಗಾರರಲ್ಲಿ ಹೆಚ್ಚಿನವರು ಮನೆಗೆ ಹೋದರು. ರೈತನಿಗೆ ಎಷ್ಟು ಸಿಕ್ಕಿತು ಅಂತ ಡಾನಿ ರಾಡ್ರಿಕ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದರು. ಗೇರು ಬೆಳೆಯುವ ಒಂದು ಮನೆಗೆ ವರ್ಷಕ್ಕೆ ಸರಾಸರಿ 5 ಡಾಲರ್ ಚಿಲ್ಲರೆ. ಆಗಿನ ದರದಲ್ಲಿ ಇನ್ನೂರು ರೂಪಾಯಿ ಆಸುಪಾಸು.

ಯಾಕೆ ಹಾಗಾಯಿತು? ಯುದ್ಧ ಮುಗಿದ ಹಳ್ಳಿಗೆ ಲಾರಿ ಹೋಗುವ ರಸ್ತೆ ಇಲ್ಲ. ಬೀಜ ಕೊಳ್ಳಲು ಬರುವವನು ಒಬ್ಬನೋ ಇಬ್ಬರೋ. ಅವನು ಹೇಳಿದ್ದೇ ರೇಟು. ಬೆಲೆ ಏರಿದ್ದು ಬಂದರಿನಲ್ಲಿ, ಉಳಿದದ್ದು ನಡುವಿನವನ ಜೇಬಿನಲ್ಲಿ. ಮರಗಳೂ ಮುದಿಯಾಗಿದ್ದವು, ರೇಟು ಜಾಸ್ತಿ ಆಯಿತು ಅಂತ ಒಂದೇ ವರ್ಷದಲ್ಲಿ ಹೊಸ ಮರ ಬೀಜ ಬಿಡುವುದಿಲ್ಲ, ಇದನ್ನು ಪುತ್ತೂರಿನ ಕಡೆಯ ಯಾವ ಕೃಷಿಕನನ್ನು ಕೇಳಿದರೂ ಹೇಳುತ್ತಾನೆ. ಶಾಂತಿ ಇರುವ ದೇಶದಲ್ಲಿ ಸರಿಯಾಗಬಹುದಾಗಿದ್ದ ನೀತಿ ಅದು. ಯುದ್ಧ ಮಾರುಕಟ್ಟೆಯನ್ನೂ ಸಾಯಿಸಿರುತ್ತದೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 1999ರಲ್ಲಿ ಅಲ್ಲಿನ ಸಂಸತ್ತೇ ಸಿಟ್ಟಾಗಿ ಸುಂಕವನ್ನು ಮತ್ತೆ ಏರಿಸಿತು, ಅಷ್ಟರಲ್ಲಿ ಕಾರ್ಖಾನೆಗಳಿಗೆ ತುಕ್ಕು ಹಿಡಿದಾಗಿತ್ತು.

ನಿಮ್ಮ ಮಕ್ಕಳಿಗೆ ಇದರಲ್ಲಿ ತೋರಿಸಬೇಕಾದ್ದು ಏನೆಂದರೆ, ಮೊಜಾಂಬಿಕ್ ತನ್ನ ಬಡತನ ನಿವಾರಣಾ ಯೋಜನೆ ಬರೆದದ್ದು 2001ರಲ್ಲಿ. ಬಡವನ ಮನೆಗೆ ನೇರವಾಗಿ ತಟ್ಟಿದ ತೀರ್ಮಾನ ಅದಕ್ಕಿಂತ ಆರು ವರ್ಷ ಮೊದಲೇ, ಬೇರೆ ಯಾವುದೋ ಸಾಲದ ಕಾಗದದಲ್ಲಿ ಆಗಿ ಹೋಗಿತ್ತು. ಹಾಗಾಗಿ ಯಾವ ದೇಶದ ಯೋಜನೆ ಓದುವಾಗಲೂ ಅದರ ಜೊತೆಗೆ ಸುಂಕದ ಪಟ್ಟಿ, ಸಾಲದ ಷರತ್ತು, ಗಣಿಯ ಒಪ್ಪಂದ, ಇವನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕು.

ಅದೇ ಮೊಜಾಂಬಿಕ್ ಒಂದು ಕೆಲಸ ಚೆನ್ನಾಗಿ ಮಾಡಿತು, ಅದನ್ನೂ ಹೇಳದಿದ್ದರೆ ಅನ್ಯಾಯ. ಜಮೀನಿನ ಕಾನೂನು, 1997ರದ್ದು. ಓಡಿ ಹೋಗಿ ವಾಪಸು ಬಂದವರ ಕೈಯಲ್ಲಿ ಕಾಗದ ಎಲ್ಲಿಂದ ಬರಬೇಕು? ಹಾಗಾಗಿ ಕಾಗದ ಬೇಡ, ಊರವರ ಬಾಯಿಮಾತಿನ ಸಾಕ್ಷಿಯೂ ನಡೆಯುತ್ತದೆ ಅಂತ ಬರೆದರು. ನಮ್ಮ ಜಿಲ್ಲೆಯ ಹಿರಿಯರಿಗೆ ಇದು ಕೂಡಲೇ ಅರ್ಥ ಆಗುತ್ತದೆ. 1974ರ ಭೂಸುಧಾರಣೆಯ ನಂತರ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟಾಗ ಎಷ್ಟು ಮಂದಿಯ ಹತ್ತಿರ ಗೇಣಿ ಚೀಟಿ ಇತ್ತು? ಈ ಗದ್ದೆಯನ್ನು ಇವರೇ ಮಾಡಿಕೊಂಡು ಬಂದದ್ದು ಅಂತ ನೆರೆಮನೆಯವರು ಟ್ರಿಬ್ಯುನಲ್ ಮುಂದೆ ಹೇಳಿದ ಮಾತೇ ಅನೇಕರಿಗೆ ಆಧಾರ. ನಮ್ಮ ಮನೆಗೆ ಬಂದ ಒಂದೂವರೆ ಎಕರೆಯೂ ಹಾಗೇ ಬಂದದ್ದು. ಅಲ್ಲಿ ಗದ್ದೆಯ ಮೇಲೆ ಯುದ್ಧ ಆಗಿತ್ತು, ಇಲ್ಲಿ ಕೋರ್ಟು ಕಚೇರಿ ಮಾತ್ರ ಆಯಿತು, ವ್ಯತ್ಯಾಸ ಸಣ್ಣದಲ್ಲ.

ಇನ್ನು ಯಾರಿಗೆ ಮೊದಲು ಅನ್ನುವ ಪ್ರಶ್ನೆ. ಇಲ್ಲಿ ಮನಸ್ಸು ಗಟ್ಟಿ ಬೇಕು. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಯುದ್ಧ. ಕೊನೆಗೆ 72 ಸಾವಿರಕ್ಕೂ ಹೆಚ್ಚು ಮಂದಿ ಬಂದೂಕು ಕೆಳಗಿಟ್ಟರು. ಅವರಿಗೆ ಭತ್ಯೆ, ತರಬೇತಿ, ಉಪಕರಣದ ಪೆಟ್ಟಿಗೆ. ಕೊಡದಿದ್ದರೆ ಮತ್ತೆ ಕಾಡಿಗೆ ಹೋಗುತ್ತಾರೆ, ಹಾಗಾಗಿ ಕೊಡಲೇಬೇಕು. ಆದರೆ ಅದೇ ಊರಿನಲ್ಲಿ, ಅದೇ ಹುಡುಗರು ಕೈ ಕಡಿದು ಹಾಕಿದ ಜನರೂ ಇದ್ದರು. ಅವರಿಗೆ ಶಿಬಿರ. ಕಡಿದವನಿಗೆ ಹೊಲಿಗೆ ಮೆಷಿನು, ಕೈ ಕಳೆದುಕೊಂಡವನಿಗೆ ಟಾರ್ಪಾಲು ಅಂದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಸತ್ಯ ಮತ್ತು ಸಂಧಾನ ಆಯೋಗ 2004ರಲ್ಲಿ ಅವರಿಗೂ ಪರಿಹಾರ, ಪಿಂಚಣಿ, ಚಿಕಿತ್ಸೆ ಕೊಡಿ ಅಂತ ಹೇಳಿತು, ಕೈಗೆ ಬಂದದ್ದು ತುಂಬ ತಡವಾಗಿ, ತುಂಬ ಕಡಿಮೆ. ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರ ಇಲ್ಲ. ಒಂದು ದಾರಿ ಮಾತ್ರ ನನಗೆ ಸರಿ ಕಂಡಿದೆ. ಮೊದಲ ಆರು ತಿಂಗಳು ಸೈನಿಕನಿಗೆ ಅಂತ ಕೊಡಿ. ಆಮೇಲೆ ಆ ಊರಿಗೆ ಅಂತ ಕೊಡಿ, ಬಾವಿ, ಸೇತುವೆ, ಕೂಲಿ ಕೆಲಸ, ಎಲ್ಲರೂ ಒಂದೇ ಹಾಜರಿ ಪುಸ್ತಕದಲ್ಲಿ.

ಟೈಲರಿಂಗ್ ತರಬೇತಿ ಅಂತ ನಿಮ್ಮ ಮಕ್ಕಳು ಬರೆದಿದ್ದಾರಲ್ಲ, ಅದಕ್ಕೆ ಒಂದು ಮಾತು. ಒಂದೇ ಊರಿನಲ್ಲಿ ಮುನ್ನೂರು ಟೈಲರುಗಳನ್ನು ತಯಾರು ಮಾಡಿದರೆ ಬಟ್ಟೆ ಹೊಲಿಸುವವರು ಯಾರು? ಮೆಷಿನು ಮಾರಿ ಅಕ್ಕಿ ತರುತ್ತಾರೆ. ಅಷ್ಟೇ.

ಹಣದ ವಿಷಯಕ್ಕೆ ಬರೋಣ. 2006ರ ಜನವರಿಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಲೈಬೀರಿಯಾದ ಅಧ್ಯಕ್ಷೆ ಆದಾಗ ಇಡೀ ಸರ್ಕಾರದ ವರ್ಷದ ಬಜೆಟ್ ಸುಮಾರು 8 ಕೋಟಿ ಡಾಲರ್. ಜನಸಂಖ್ಯೆ 35 ಲಕ್ಷದ ಹತ್ತಿರ. ತಲೆಗೆ ವರ್ಷಕ್ಕೆ 25 ಡಾಲರೂ ಬರಲಿಲ್ಲ, ಅದರಲ್ಲೇ ಪೊಲೀಸ್, ಶಾಲೆ, ಆಸ್ಪತ್ರೆ, ಸಂಬಳ. ಈಗ ಮಕ್ಕಳ ಪಟ್ಟಿ ತೆಗೆದು ನೋಡಿ. ಲೈಬೀರಿಯಾದವರು ಶುರು ಮಾಡಿದ್ದು ದೊಡ್ಡ ಯೋಜನೆಯಿಂದ ಅಲ್ಲ, 150 ದಿನಗಳ ಒಂದು ಚಿಕ್ಕ ಪಟ್ಟಿಯಿಂದ. ಜುಲೈಯಲ್ಲಿ ರಾಜಧಾನಿ ಮನ್ರೋವಿಯಾದ ಕೆಲವು ಬೀದಿಗಳಿಗೆ ದೀಪ ಬಂತು, ಹದಿನಾಲ್ಕು ಹದಿನೈದು ವರ್ಷಗಳ ಮೇಲೆ, ಅದೂ ಜನರೇಟರಿನಿಂದ. ಬೀದಿ ದೀಪದಿಂದ ಬಡತನ ಕಡಿಮೆ ಆಗುತ್ತದಾ ಅಂತ ಕೇಳಬಹುದು. ಆಗುವುದಿಲ್ಲ. ಆದರೆ ಸರ್ಕಾರ ಅಂತ ಒಂದು ಉಂಟು, ಅದು ಹೇಳಿದ್ದನ್ನು ಮಾಡಿತು ಅಂತ ಜನ ಕಣ್ಣಾರೆ ಕಂಡರು. ಅದಿಲ್ಲದೆ ಐದು ವರ್ಷದ ಯೋಜನೆ ತಂದು ಕೊಟ್ಟರೆ ಯಾರು ನಂಬುತ್ತಾರೆ? ದೊಡ್ಡ ಕಾರ್ಯತಂತ್ರ 2008ರಲ್ಲಿ ಬಂತು, ನಡುವೆ ಒಂದು ತಾತ್ಕಾಲಿಕ ಯೋಜನೆ. ಈ ಕ್ರಮ ನನಗೆ ಇಷ್ಟ.

ಹೊರಗಿನ ನೆರವು ಬರುವ ಹೊತ್ತೂ ಉಲ್ಟಾ. ಟಿವಿಯಲ್ಲಿ ಯುದ್ಧದ ಚಿತ್ರ ಬರುತ್ತಿರುವಾಗ ದುಡ್ಡು ಸುರಿಯುತ್ತದೆ, ಆಗ ಖರ್ಚು ಮಾಡಲು ಆಫೀಸು ಇಲ್ಲ, ಗುಮಾಸ್ತ ಇಲ್ಲ, ಇಂಜಿನಿಯರ್ ಇಲ್ಲ. ನಾಲ್ಕೈದು ವರ್ಷ ಆಗಿ ಇವೆಲ್ಲ ತಯಾರಾಗುವಾಗ ದಾನಿಗಳು ಬೇರೆ ದೇಶಕ್ಕೆ ಹೊರಟಿರುತ್ತಾರೆ. ಪಾಲ್ ಕೊಲಿಯರ್ ಮತ್ತು ಆಂಕೆ ಹೋಫ್ಲರ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನು ಅಂಕಿ ಇಟ್ಟು ತೋರಿಸಿದ್ದಾರೆ. ಹಾಗಾಗಿ ಮೊದಲ ವರ್ಷವೇ ಎಲ್ಲ ಖಾಲಿ ಮಾಡದೆ ಹಿಡಿದಿಡಿ ಅಂತ ದಾನಿಗಳ ಹತ್ತಿರ ಬರೆಸಿಕೊಳ್ಳುವುದೂ ಯೋಜನೆಯದ್ದೇ ಭಾಗ.

ಬಂದ ದುಡ್ಡು ಕೆಳಗೆ ಇಳಿಯುತ್ತದಾ? ಮತ್ತೆ ಉಗಾಂಡಾ. 1991ರಿಂದ 1995ರವರೆಗೆ ಶಾಲೆಗಳಿಗೆ ಅಂತ ರಾಜಧಾನಿಯಿಂದ ಹೊರಟ ಅನುದಾನದಲ್ಲಿ ಶಾಲೆಯ ಬಾಗಿಲು ಮುಟ್ಟಿದ್ದು ನೂರಕ್ಕೆ 13. ಸರ್ಕಾರ ಒಂದು ಸರಳ ಕೆಲಸ ಮಾಡಿತು. ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಅಂತ ಪತ್ರಿಕೆಯಲ್ಲಿ ಹಾಕಿತು, ಶಾಲೆಯ ಗೋಡೆಗೂ ಅಂಟಿಸಿತು. ಕೆಲವು ವರ್ಷಗಳಲ್ಲಿ ಅದು 80ರ ಮೇಲೆ ಹೋಯಿತು. ಎಲ್ಲವೂ ಪತ್ರಿಕೆಯಿಂದಲೇ ಆದದ್ದಾ ಅಂತ ಆಮೇಲೆ ಪಂಡಿತರು ತಕರಾರು ತೆಗೆದರು, ಇರಲಿ. ಬೆಳಿಗ್ಗೆ ಪೇಪರ್ ಓದದೆ ಕಾಫಿ ಇಳಿಯದ ಜಿಲ್ಲೆಯವರಾದ ನಮಗೆ ಇದು ನಂಬಲು ಕಷ್ಟ ಆಗುವುದಿಲ್ಲ.

ಒಂದು ಸಣ್ಣ ಕಿರಿಕಿರಿಯನ್ನೂ ಮಕ್ಕಳ ಮುಂದೆ ಇಡಿ. ನೇಪಾಳ. ಅಲ್ಲಿ 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ, ಆದರೂ 1995-96ರಲ್ಲಿ ಸುಮಾರು 42 ಇದ್ದ ಬಡವರ ಪ್ರಮಾಣ 2003-04ಕ್ಕೆ 31ಕ್ಕೆ ಇಳಿದಿತ್ತು. ಯೋಜನೆಗಿಂತ ಜಾಸ್ತಿ ಕೆಲಸ ಮಾಡಿದ್ದು ಊರು ಬಿಟ್ಟ ಹುಡುಗರು ಕಳಿಸಿದ ದುಡ್ಡು. ನಮ್ಮ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗನೂ ಆ ಲೆಕ್ಕದಲ್ಲಿ ಇದ್ದಿರಬಹುದು. ಬೊಂಬಾಯಿಯಿಂದ ಬರುತ್ತಿದ್ದ ಮನಿಯಾರ್ಡರಿನಲ್ಲಿ ಹಂಚು ಹೊದ್ದ ಮನೆಗಳು ನಮ್ಮ ಕಡೆ ಎಷ್ಟಿಲ್ಲ? ಹಾಗಂತ ಊರು ಬಿಡುವುದನ್ನೇ ಯೋಜನೆ ಅಂತ ಬರೆಯಲು ಬರುವುದಿಲ್ಲ, ಆದರೆ ಪಾಸ್‌ಪೋರ್ಟ್ ಸುಲಭ ಮಾಡುವುದು, ಏಜೆಂಟರ ಮೋಸ ತಡೆಯುವುದು, ಹಣ ಕಳಿಸುವ ಕಮಿಷನ್ ಇಳಿಸುವುದು, ಇವನ್ನು ಬರೆಯಬಹುದಲ್ಲ. 40ರಲ್ಲಿ ಒಬ್ಬರಾದರೂ ಬರೆದಿದ್ದಾರಾ ನೋಡಿ.

ಅಸೈನ್‌ಮೆಂಟ್ ಮತ್ತೆ ಕೊಡುವುದಾದರೆ ಹೀಗೆ ಕೊಡಿ. ಕ್ಲಾಸನ್ನು ಎರಡು ಪಂಗಡ ಮಾಡಿ, ಒಬ್ಬರ ಮನೆ ಇನ್ನೊಬ್ಬರು ಸುಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಎರಡೂ ಕಡೆಯವರು ಸಹಿ ಹಾಕಿದರೆ ಮಾತ್ರ ಯೋಜನೆ ಪಾಸು. ತಲೆಗೆ 25 ಡಾಲರ್ ಕೊಡಿ. ಮೊದಲು ಏನು ಮಾಡುವುದಿಲ್ಲ ಅಂತ ಬರೆಸಿ, ಮಾಡುವುದು ಆಮೇಲೆ. ಅವರು ಅರ್ಧ ಬರೆದಾದ ಮೇಲೆ, ದಾನಿಗಳು ಹೇಳಿದ್ದರಲ್ಲಿ ಅರ್ಧ ದುಡ್ಡು ಮಾತ್ರ ಬಂತು, ಜೊತೆಗೆ ಗೇರುಬೀಜದ ಸುಂಕ ತೆಗೆಯಬೇಕಂತೆ ಅಂತ ಒಂದು ಚೀಟಿ ಕಳಿಸಿ.